ಕಂಪ್ಯೂಟರ್ ರೋಗಿ ಮುಂದೆ ಕೂತ ಕೂಡಲೇ ನಮ್ಮ ಹುಡುಗರು ಯೋಚನೆ ಮಾಡೋದನ್ನ ಯಾಕೆ ಬಿಟ್ಟುಬಿಡ್ತಾರೆ?

ವಾರ್ಡ್‌ರೌಂಡ್

ಎಲ್ಲರಿಗೂ ನಮಸ್ಕಾರ. ಒಂದು ಮೆಡಿಕಲ್ ಕಾಲೇಜಲ್ಲಿ ಜನರಲ್ ಮೆಡಿಸಿನ್ ಹೇಳಿಕೊಡ್ತೀನಿ. ಯಾವ ಕಾಲೇಜು ಅಂತ ಕೇಳಬೇಡಿ, ಕೆಲಸ ಬೇಕು.

ಈ ವರ್ಷದಿಂದ ನಮ್ಮ ಲ್ಯಾಬಲ್ಲಿ ವರ್ಚುವಲ್ ರೋಗಿ ಬಂದಿದ್ದಾನೆ. ಪರದೆ ಮೇಲಿನ ರೋಗಿಗೆ ಹುಡುಗರು ಹಿಸ್ಟರಿ ಕೇಳಬೇಕು, ಪರೀಕ್ಷೆ ಮಾಡಬೇಕು, ಟೆಸ್ಟ್ ಬರೀಬೇಕು, ಕೊನೆಗೆ ಕಾಯಿಲೆ ಹೆಸರು ಹೇಳಬೇಕು. ಯಾರು ಯಾವಾಗ ಏನು ಒತ್ತಿದ್ರು ಅನ್ನೋದೆಲ್ಲ ಲಾಗಲ್ಲಿ ಉಳಿಯುತ್ತೆ. ಮೊನ್ನೆ ರಾತ್ರಿ ಕೂತು ಆ ಲಾಗ್ ಓದಿದೆ. ಓದಬಾರದಿತ್ತು.

ಕೇಸ್ ಏನೂ ಕಷ್ಟದ್ದಲ್ಲ. 52 ವರ್ಷದ ಗಂಡಸು, ಸಕ್ಕರೆ ಕಾಯಿಲೆ, ಬೆಳಗ್ಗಿಂದ ಹೊಟ್ಟೆ ಮೇಲ್ಭಾಗದಲ್ಲಿ ಸಂಕಟ, ಎರಡು ಸಲ ವಾಂತಿ, ಮೈಯೆಲ್ಲ ಬೆವರು. ಇಸಿಜಿ ತೆಗೆದ್ರೆ 2, 3, ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಏರಿರೋದು ಕಾಣುತ್ತೆ. ಅಂದ್ರೆ ಹೃದಯಾಘಾತ, ಕೆಳಗೋಡೆಯದು.

ಒಂದು ಗುಂಪು ರೋಗಿಗೆ ಒಂದೇ ಒಂದು ಪ್ರಶ್ನೆ ಕೇಳಿಲ್ಲ. ನೇರ ಟೆಸ್ಟ್ ಪುಟಕ್ಕೆ ಹೋಗಿ ಮೇಲಿಂದ ಕೆಳಗೆ ಎಲ್ಲಾ ಟಿಕ್. ಥೈರಾಯ್ಡ್ ಕೂಡ. ಕೆಂಪಕ್ಷರದಲ್ಲಿ ಬಂದ ವರದಿ ಹಿಡ್ಕೊಂಡು ಉತ್ತರ ಒತ್ತಿದ್ದಾರೆ. ಪೂರ್ತಿ ಅಂಕ! ಇನ್ನೊಂದು ಗುಂಪು ಮೊದಲ ಸಾಲಿಗೇ ಗ್ಯಾಸ್ಟ್ರೈಟಿಸ್ (ಜಠರದ ಉರಿಯೂತ) ಅಂತ ತೀರ್ಮಾನ ಮಾಡಿ, ಎಂಡೋಸ್ಕೋಪಿ ಬರೆದು, ಇಸಿಜಿ ಕಡೆ ತಿರುಗಿಯೂ ನೋಡಿಲ್ಲ.

ಇದೇ ಹುಡುಗರು ವಾರ್ಡಲ್ಲಿ ಇಷ್ಟು ಕೆಟ್ಟದಾಗಿಲ್ಲ. ಅಲ್ಲಿ ರೋಗಿ ಪಕ್ಕ ಕೂತು ಮಾತಾಡಿಸ್ತಾರೆ. ಹಾಗಾದ್ರೆ ಕಂಪ್ಯೂಟರ್ ಇವರನ್ನ ಕೆಡಿಸ್ತಿದೆಯಾ, ಇಲ್ಲಾ ಮೊದಲೇ ಇದ್ದ ಚಟವನ್ನ ನನಗೆ ತೋರಿಸ್ತಿದೆಯಾ?

ಕ್ಯೂಬ್ಯಾಂಕ್ ಕಲಿ

ಸಾರ್, ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ಎಲ್ಲಾ ಟೆಸ್ಟ್ ಒತ್ತಿದ್ರೂ ಒಂದು ಅಂಕ ಕಮ್ಮಿ ಆಗಲ್ಲ ಅಂದಾಗ ಯಾಕೆ ಒತ್ತಬಾರದು? ನಾವು ದಡ್ಡರಲ್ಲ, ನಿಮ್ಮ ಸಾಫ್ಟ್‌ವೇರ್ ದಡ್ಡ.

ಇಂಟರ್ನ್ ಇಪ್ಪತ್ನಾಲ್ಕುಗಂಟೆ

+1. ಅದು ಸಮಸ್ಯೆ ಬಿಡಿಸೋ ರೀತಿನೇ. ನೀವು ಅಂದುಕೊಂಡ ಸಮಸ್ಯೆ ಬೇರೆ, ಅವರು ಬಿಡಿಸಿದ್ದು ಬೇರೆ.

ಹುಬ್ಬಳ್ಳಿ ಹೈದ

ಹೌದ್ರೀ, ನಮ್ಮ ಕಾಲೇಜಿನ್ಯಾಗೂ ಹಂಗ ಐತಿ. ನಾಲ್ಕು ಮಂದಿಗೆ ಒಂದು ಕಂಪ್ಯೂಟರ್. ಮೌಸ್ ಹಿಡದಾವ ಒಬ್ಬ, ಫೋನ್ ನೋಡಾವ ಒಬ್ಬ, ಬರಕೊಳ್ಳಾಕಿ ಒಬ್ಬಾಕಿ, ಇನ್ನೊಬ್ಬ ಚಾ ಕುಡ್ಯಾಕ ಹೋಗಿರ್ತಾನ. ಲಾಗಿನ್ಯಾಗ ನಾಲ್ಕೂ ಮಂದಿ ಹೆಸರು ಬರತೈತಿ. ನೀವು ಓದಿದ್ದು ಗುಂಪಿನ ಯೋಚನೆ ಅಲ್ರೀ, ಮೌಸ್ ಹಿಡದಾವನ ಬೆರಳು.

ವಾರ್ಡ್‌ರೌಂಡ್

ಹೈದ ಅವರೇ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲೂ ಮೂರ್ನಾಲ್ಕು ಜನಕ್ಕೆ ಒಂದೇ.

ಪಾಠಪ್ರಯೋಗ

ವೈದ್ಯಕೀಯ ಶಿಕ್ಷಣದ ಬಗ್ಗೆ ಓದೋದು ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ದಾಟಿ ಹೋಗಿ.

ವಾರ್ಡ್‌ರೌಂಡ್, ನೀವು ಎರಡು ಬೇರೆ ದೂರುಗಳನ್ನ ಒಂದೇ ಗಂಟಿಗೆ ಕಟ್ಟಿದ್ದೀರಿ. ಒಂದು, ಎಲ್ಲಾ ಟೆಸ್ಟ್ ಒತ್ತಿದ್ದು. ಎರಡು, ಮೊದಲ ಸಾಲಿಗೇ ಊಹೆ ಮಾಡಿದ್ದು. ಮೊದಲನೆಯದಕ್ಕೆ ಕಲಿ ಉತ್ತರ ಕೊಟ್ಟಾಗಿದೆ. ಎರಡನೆಯದು ತಪ್ಪೇ ಅಲ್ಲ.

1970ರ ದಶಕದಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಎಲ್‌ಸ್ಟೈನ್, ಲೀ ಶುಲ್ಮನ್, ಸಾರಾ ಸ್ಪ್ರಾಫ್ಕಾ ಮೂವರೂ ಇದನ್ನೇ ಹಿಡಿದು ಕೂತಿದ್ರು. ನಟರಿಗೆ ರೋಗಿಯ ಪಾತ್ರ ಕೊಟ್ಟು, ಅನುಭವಸ್ಥ ವೈದ್ಯರನ್ನ ಎದುರು ಕೂರಿಸಿ, ತಲೆಯಲ್ಲಿ ಏನು ಓಡ್ತಿದೆ ಅಂತ ಬಾಯ್ಬಿಟ್ಟು ಹೇಳಿಸಿದ್ರು. 1978ರಲ್ಲಿ ಪೂರ್ತಿ ವರದಿ ಬಂತು. ಒಳ್ಳೆ ವೈದ್ಯರು ಎಲ್ಲಾ ಮಾಹಿತಿ ಕೂಡಿಹಾಕಿ ಆಮೇಲೆ ಯೋಚಿಸ್ತಾರೆ ಅಂತ ಎಲ್ಲರೂ ನಂಬಿದ್ರಲ್ಲ, ಹಾಗಿರಲಿಲ್ಲ. ಅವರೂ ಮಾತು ಶುರುವಾದ ಸ್ವಲ್ಪ ಹೊತ್ತಿಗೇ ನಾಲ್ಕೈದು ಊಹೆ ಹಿಡ್ಕೊಂಡು ಕೂತಿರ್ತಿದ್ರು. ಇನ್ನೊಂದು ಸಂಗತಿ: ಒಂದು ಕೇಸಲ್ಲಿ ಚುರುಕಾಗಿದ್ದವರು ಇನ್ನೊಂದರಲ್ಲೂ ಚುರುಕಾಗಿರ್ತಾರೆ ಅನ್ನೋ ಖಾತ್ರಿ ಇರಲಿಲ್ಲ. ಅಂದ್ರೆ 'ಸಮಸ್ಯೆ ಬಿಡಿಸೋ ಕಲೆ' ಅಂತ ಕಲಿಸಿ ಕಳಿಸಬಹುದಾದ ಪ್ರತ್ಯೇಕ ವಸ್ತು ಇಲ್ಲ. ಆ ಕಾಯಿಲೆ ಗೊತ್ತಿದ್ರೆ ಬಿಡಿಸ್ತಾರೆ, ಗೊತ್ತಿಲ್ಲದಿದ್ರೆ ತಡಕಾಡ್ತಾರೆ.

ನಿಮ್ಮ ಗ್ಯಾಸ್ಟ್ರೈಟಿಸ್ ಗುಂಪು ಬೇಗ ಊಹಿಸಿದ್ದಕ್ಕೆ ಬೈಬೇಡಿ. ಒಂದೇ ಒಂದು ಊಹೆ ಇಟ್ಕೊಂಡಿದ್ದಕ್ಕೆ ಬೈಯಿರಿ. ಬೆವರು ಯಾಕೆ ಅಂತ ಯಾರೂ ಕೇಳಲಿಲ್ಲ ಅಲ್ವಾ?

ಅನಾಟಮಿ ಅಜ್ಜಿ

ಅದನ್ನ ಹೇಳೋಕೆ ಅಮೆರಿಕದಲ್ಲಿ ನಟರು ಬೇಕಾಯ್ತಾ? ನಮ್ಮ ಮೇಷ್ಟ್ರು ರೋಗಿ ಬಾಗಿಲು ದಾಟಿ ಬರೋ ನಡಿಗೆ ನೋಡೇ ಅರ್ಧ ಹೇಳಿಬಿಡ್ತಿದ್ರು.

ಪಾಠಪ್ರಯೋಗ

ಅಜ್ಜಿ, ಅರ್ಧ ಸರಿ ಹೇಳಿದ್ದು ನಿಮಗೆ ನೆನಪಿದೆ. ತಪ್ಪಿದ ಇನ್ನರ್ಧ ಯಾರು ಬರೆದಿಟ್ರು? 🙂

ಅನಾಟಮಿ ಅಜ್ಜಿ

ನಮ್ಮ ಕಾಲದಲ್ಲಿ ತಪ್ಪೇ ಇರಲಿಲ್ಲ ಮಗು. ಲಾಗ್ ಇರಲಿಲ್ವಲ್ಲ.

ಮಂಡ್ಯ ಮೊದ್ದು

ಅಜ್ಜಿ ಸಿಕ್ಸರ್ ಕಣಣ್ಣ 😂

ಮಲೆನಾಡ ಕ್ಲಿನಿಕ್

ನಂದೊಂದು ಅನುಭವ. ತಮ್ಮನ ಮಗಳು ಎಂಬಿಬಿಎಸ್ ಮೂರನೇ ವರ್ಷ. ರಜೆಗೆ ಬಂದಿದ್ದಾಗ ನನ್ನ ಕ್ಲಿನಿಕ್ಕಲ್ಲಿ ಕೂತ್ಕೊಂಡು ಲ್ಯಾಪ್‌ಟಾಪಲ್ಲಿ ಕೇಸ್ ಮಾಡ್ತಿದ್ಲು. ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪು, ಪ್ಲೇಟ್ಲೆಟ್ ಕಮ್ಮಿ. ತಕ್ಷಣ ಡೆಂಗ್ಯೂ ಒತ್ತಿದ್ಲು. ಸರಿ ಅಂತ ಹಸಿರು ಗುರುತು ಬಂತು.

ನಾನು ಕೇಳಿದೆ, ಇದೇ ರೋಗಿ ಫೆಬ್ರವರಿಯಲ್ಲಿ ಸೊರಬದಿಂದ ಬಂದಿದ್ರೆ? ಮುಖ ನೋಡಿದ್ಲು. ಆಮೇಲೆ ಹೇಳಿದೆ: ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಇಲ್ಲೇ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಅದರಲ್ಲೂ ಪ್ಲೇಟ್ಲೆಟ್ ಇಳಿಯುತ್ತೆ, ಬಿಳಿ ರಕ್ತಕಣ ಇಳಿಯುತ್ತೆ. ಡಿಸೆಂಬರಿಂದ ಮೇ ತನಕ ಅದರ ಕಾಲ. ಇಲ್ಲಿ ಕೇಳಬೇಕಾದ ಪ್ರಶ್ನೆ 'ದರಕು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗಿದ್ರಾ, ಉಣುಗು ಕಚ್ಚಿತ್ತಾ, ಹತ್ತಿರ ಎಲ್ಲಾದ್ರೂ ಮಂಗ ಸತ್ತಿತ್ತಾ' ಅನ್ನೋದು. ಆ ಸಾಫ್ಟ್‌ವೇರಿನ ಪ್ರಶ್ನೆ ಪಟ್ಟಿಯಲ್ಲಿ ಮಂಗ ಇರಲೇ ಇಲ್ಲ. 'ಇತ್ತೀಚೆಗೆ ವಿದೇಶ ಪ್ರವಾಸ ಮಾಡಿದ್ರಾ' ಅಂತ ಇತ್ತು.

ಹುಬ್ಬಳ್ಳಿ ಹೈದ

ವಿದೇಶ ಪ್ರವಾಸ 🤣 ನಮ್ಮ ಓಪಿಡಿಗೆ ಬರಾವ್ರು ಗದಗ ದಾಟಿರೂದಿಲ್ರೀ.

ಕ್ಯೂಬ್ಯಾಂಕ್ ಕಲಿ

ಆದ್ರೆ ಪಟ್ಟಿಯಲ್ಲಿ ಮಂಗ ಇದ್ದಿದ್ರೆ ಎಲ್ಲರೂ ಮಂಗನ ಕಾಯಿಲೆ ಅಂತ ಒತ್ತಿಬಿಡ್ತಿದ್ರು. ಪ್ರಶ್ನೆ ಪಟ್ಟಿನೇ ಉತ್ತರ ಕೊಡುತ್ತೆ. ನಾನಂತೂ ಮೊದಲು ಪಟ್ಟಿ ಪೂರ್ತಿ ನೋಡ್ತೀನಿ. ವಿಚಿತ್ರವಾದ ಪ್ರಶ್ನೆ ಯಾವುದಿದೆಯೋ ಅದರ ಸುತ್ತಲೇ ಕೇಸ್ ಇರುತ್ತೆ.

ಮಲೆನಾಡ ಕ್ಲಿನಿಕ್

ಕಳ್ಳ 😄

ಕೋಡ್‌ಕುಟ್ಟಿ

ಡಾಕ್ಟರಲ್ಲ, ಪ್ರೋಗ್ರಾಮರ್. ಇಂಥ ಒಂದು ಸಿಮ್ಯುಲೇಟರ್ ಮಾಡೋ ತಂಡದಲ್ಲಿ ಎರಡು ವರ್ಷ ಇದ್ದೆ, ಆದ್ದರಿಂದ ಬೈಗುಳದಲ್ಲಿ ನನ್ನ ಪಾಲೂ ಇದೆ.

ಪಟ್ಟಿ ಯಾಕೆ ಇಡ್ತೀವಿ ಅಂದ್ರೆ ಅದು ಅಗ್ಗ. ವಿದ್ಯಾರ್ಥಿ ತನ್ನ ಮಾತಲ್ಲಿ ಟೈಪ್ ಮಾಡಿದ್ರೆ ಅರ್ಥ ಮಾಡಿಸೋದು ದುಬಾರಿ. ದಂಡ ಯಾಕೆ ಇಡಲ್ಲ ಅಂದ್ರೆ ಕಾಲೇಜಿನವರು ಬೇಡ ಅಂತಾರೆ, ಹುಡುಗರ ಅಂಕ ಇಳಿದ್ರೆ ಫೋನ್ ಬರುತ್ತೆ.

ಹಳೇ ಕಥೆ ಒಂದು ಹೇಳ್ತೀನಿ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡಲ್ಲಿ ಮೈಸಿನ್ ಅಂತ ಪ್ರೋಗ್ರಾಂ ಇತ್ತು. ರಕ್ತದ ಸೋಂಕಿಗೆ ಯಾವ ಆಂಟಿಬಯೋಟಿಕ್ ಅಂತ ನೂರಾರು ನಿಯಮಗಳಿಂದ ಲೆಕ್ಕ ಹಾಕಿ ಹೇಳೋದು, ಚೆನ್ನಾಗೇ ಹೇಳ್ತಿತ್ತು. ವಿಲಿಯಂ ಕ್ಲಾನ್ಸಿ ಅನ್ನೋರು ಇದೇ ನಿಯಮಗಳನ್ನ ವಿದ್ಯಾರ್ಥಿಗಳಿಗೆ ಕಲಿಸೋಣ ಅಂತ ಗೈಡನ್ ಅನ್ನೋ ಇನ್ನೊಂದು ಪ್ರೋಗ್ರಾಂ ಮಾಡಿದ್ರು. ಅಲ್ಲಿ ಸಿಕ್ಕಿಕೊಂಡಿತು. ಮೈಸಿನ್‌ಗೆ 'ಎಂಟು ವರ್ಷದೊಳಗಿನ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬೇಡ' ಅಂತ ಗೊತ್ತು, ಯಾಕೆ ಅಂತ ಗೊತ್ತಿಲ್ಲ. ಔಷಧಿ ಬೆಳೆಯೋ ಹಲ್ಲು ಮೂಳೆಯ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತೆ, ಹಲ್ಲು ಬಣ್ಣಗೆಡುತ್ತೆ ಅನ್ನೋ ಕಾರಣ ನಿಯಮದೊಳಗೆ ಇರಲೇ ಇಲ್ಲ. ಚಿಕಿತ್ಸೆ ಹೇಳೋಕೆ ಅಷ್ಟು ಸಾಕಿತ್ತು, ಪಾಠ ಮಾಡೋಕೆ ಸಾಲಲಿಲ್ಲ. ಕೊನೆಗೆ ನಿಯೋಮೈಸಿನ್ ಅನ್ನೋ ಪ್ರೋಗ್ರಾಂ ಹೊಸದಾಗಿ ಕಟ್ಟಬೇಕಾಯ್ತು.

ಕ್ಯೂಬ್ಯಾಂಕ್ (ಪರೀಕ್ಷೆ ತಯಾರಿಯ ಪ್ರಶ್ನೆಗಳ ಸಂಗ್ರಹ) ಓದೋ ಈಗಿನ ಹುಡುಗರನ್ನ ನೋಡಿದ್ರೆ ನನಗೆ ಮೈಸಿನ್ ನೆನಪಾಗುತ್ತೆ. ನಿಯಮ ಬಾಯಲ್ಲಿದೆ, ಕಾರಣ ಇಲ್ಲ.

ಕ್ಯೂಬ್ಯಾಂಕ್ ಕಲಿ

ನನ್ನನ್ನ 1970ರ ಸಾಫ್ಟ್‌ವೇರ್ ಅಂದ್ರಲ್ಲ ಸಾರ್. ಟೆಟ್ರಾಸೈಕ್ಲಿನ್ ಹಲ್ಲಿನ ವಿಷಯ ನನಗೆ ಗೊತ್ತು. ಕ್ಯೂಬ್ಯಾಂಕಿನ ವಿವರಣೆಯಲ್ಲೇ ಓದಿದ್ದು.

ಸ್ವಲ್ಪ ನಮ್ಮ ಲೆಕ್ಕವನ್ನೂ ನೋಡಿ. ಎಂಬಿಬಿಎಸ್ ಆದ್ಮೇಲೆ ಪಿಜಿ ಸೀಟಿಗೆ ಬರೆಯೋ ನೀಟ್ ಪಿಜಿ: 200 ಪ್ರಶ್ನೆ, 210 ನಿಮಿಷ. 2024ರಿಂದ 40 ಪ್ರಶ್ನೆಯ ಐದು ಭಾಗ, ಒಂದೊಂದಕ್ಕೆ 42 ನಿಮಿಷ, ಒಂದು ಭಾಗದ ಸಮಯ ಮುಗಿದ್ರೆ ಹಿಂದಕ್ಕೆ ಹೋಗೋ ಹಾಗಿಲ್ಲ. ಅಂದ್ರೆ ಪ್ರಶ್ನೆಗೆ 63 ಸೆಕೆಂಡು. ಆ ಹೊತ್ತಲ್ಲಿ 'ರೋಗಿಯ ಪಕ್ಕ ಕೂತು' ಯೋಚಿಸೋಕಾಗಲ್ಲ. ಮೊದಲು ಕೊನೇ ಸಾಲು ಓದು, ಆಯ್ಕೆ ನೋಡು, ಎರಡನ್ನ ಹೊಡೆದುಹಾಕು, ಆಮೇಲೆ ಕಥೆ ಓದು. ಇದನ್ನ ನಮಗೆ ಕೋಚಿಂಗಲ್ಲಿ ಅಕ್ಷರಶಃ ಹೇಳಿಕೊಡ್ತಾರೆ. ವರ್ಚುವಲ್ ರೋಗಿ ಮುಂದೆ ಅದೇ ಕೈ ಅದೇ ಕೆಲಸ ಮಾಡುತ್ತೆ.

ಮಂಡ್ಯ ಮೊದ್ದು

ಗೊತ್ತಿಲ್ದೆ ಒತ್ತುದ್ರೆ ಮೈನಸ್ ಇಲ್ವಾ ಗುರು?

ಕ್ಯೂಬ್ಯಾಂಕ್ ಕಲಿ

ಸರಿಗೆ +4, ತಪ್ಪಿಗೆ -1. ನಾಲ್ಕು ಆಯ್ಕೆ. ನಾಲ್ಕು ಪ್ರಶ್ನೆಗೆ ಕಣ್ಮುಚ್ಚಿ ಒತ್ತಿದ್ರೆ ಸರಾಸರಿ ಒಂದು ಸರಿ, ಮೂರು ತಪ್ಪು. 4 ಕಳೆ 3, ಒಂದು ಅಂಕ ಲಾಭ. ಒಂದು ಆಯ್ಕೆ ಹೊಡೆದುಹಾಕಿದ್ರೆ ಇನ್ನೂ ಲಾಭ.

ಮಂಡ್ಯ ಮೊದ್ದು

ಅಯ್ಯೋ ಇದು ಇಸ್ಪೀಟಿಗಿಂತ ವಾಸಿ.

ಇಂಟರ್ನ್ ಇಪ್ಪತ್ನಾಲ್ಕುಗಂಟೆ

ನಾನೂ ಅದೇ ಕೋಚಿಂಗಿನ ಕೂಸು. ಈಗ ಕ್ಯಾಶುವಲ್ಟಿ ಪೋಸ್ಟಿಂಗ್. ಮೊದಲ ವಾರದ ಕಥೆ ಹೇಳ್ತೀನಿ.

ರಾತ್ರಿ ಒಬ್ಬ ರೈತನ್ನ ಕರ್ಕೊಂಡು ಬಂದ್ರು, ಹಾವು ಕಚ್ಚಿದೆ ಅಂತ. ಕಂಪ್ಯೂಟರಲ್ಲಿ ಇದೇ ಕೇಸ್ ಮಾಡಿದ್ದೆ. 20 ನಿಮಿಷದ ರಕ್ತ ಹೆಪ್ಪುಗಟ್ಟೋ ಪರೀಕ್ಷೆ ಒತ್ತು, 'ಹೆಪ್ಪುಗಟ್ಟಿಲ್ಲ' ಅಂತ ಬರುತ್ತೆ, ವಿಷಪ್ರತಿರೋಧಕ ಕೊಡು, ಹಸಿರು ಗುರುತು. ಐದು ಸೆಕೆಂಡು.

ಇಲ್ಲಿ? 2 ಎಂಎಲ್ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಅಲ್ಲಾಡಿಸದೆ ಇಡಬೇಕು. ಟ್ಯೂಬ್ ಎಲ್ಲಿದೆ ಗೊತ್ತಿಲ್ಲ. ಸಿಕ್ಕಿದ್ದು ಸೋಪಿನ ಪುಡಿ ಹಾಕಿ ತೊಳೆದಿಟ್ಟಿದ್ದು. ಸಿಸ್ಟರ್ ನೋಡಿ ಕಿತ್ಕೊಂಡ್ರು, ಸೋಪಿನ ಅಂಶ ಉಳಿದಿದ್ರೆ ಚೆನ್ನಾಗಿರೋ ರಕ್ತನೂ ಹೆಪ್ಪುಗಟ್ಟಲ್ಲ, ಸುಳ್ಳು ಫಲಿತಾಂಶ ಬರುತ್ತೆ ಅಂತ. ಹೊಸ ಟ್ಯೂಬ್ ತಂದುಕೊಟ್ರು. ಆಮೇಲೆ ಇಪ್ಪತ್ತು ನಿಮಿಷ. ರೋಗಿಯ ಹೆಂಡತಿ ನನ್ನ ಮುಖನೇ ನೋಡ್ತಾ ಕೂತಿದ್ರು, 'ಏನಾದ್ರೂ ಮಾಡಿ ಸಾಮಿ' ಅಂತ. ಆ ಇಪ್ಪತ್ತು ನಿಮಿಷದಲ್ಲಿ ಏನು ನೋಡ್ತಾ ಇರಬೇಕು, ರೆಪ್ಪೆ ಬೀಳ್ತಿದೆಯಾ, ವಸಡಲ್ಲಿ ರಕ್ತ ಇದೆಯಾ, ಊತ ಎಲ್ಲಿವರೆಗೆ ಏರಿತು, ಇದ್ಯಾವುದನ್ನೂ ಆ ಐದು ಸೆಕೆಂಡಿನ ಕೇಸ್ ಕೇಳಿರಲಿಲ್ಲ. ಹೇಳಿಕೊಟ್ಟಿದ್ದು ಸಿಸ್ಟರ್.

ವಾರ್ಡ್‌ರೌಂಡ್

ಇದನ್ನ ನಾಳೆ ಕ್ಲಾಸಲ್ಲಿ ಓದಿ ಹೇಳಬಹುದಾ?

ಇಂಟರ್ನ್ ಇಪ್ಪತ್ನಾಲ್ಕುಗಂಟೆ

ಹೇಳಿ ಸಾರ್. ಸೋಪಿನ ಭಾಗ ನನ್ನದು ಅಂತ ಹೇಳಬೇಡಿ.

ಓಹಾಯೋ ಓಬವ್ವ

ಕಾಲದ ವಿಷಯ ಬಂತಲ್ಲ, ಅದಕ್ಕೆ ಬರೀತಿದ್ದೀನಿ. ಇಲ್ಲಿ ಅಮೆರಿಕದ ಲೈಸೆನ್ಸ್ ಪರೀಕ್ಷೆಯ ಮೂರನೇ ಹಂತದಲ್ಲಿ ಕಂಪ್ಯೂಟರ್ ಕೇಸುಗಳಿವೆ, 1999ರಿಂದ. ನಾನು ಬರೆದಾಗ ಎರಡನೇ ದಿನ ಅಂಥವು 13, ಒಂದೊಂದಕ್ಕೆ 10 ಇಲ್ಲಾ 20 ನಿಮಿಷ. ಆಯ್ಕೆ ಪಟ್ಟಿ ಇಲ್ಲ. ಏನು ಬೇಕೋ ನೀವೇ ಟೈಪ್ ಮಾಡಬೇಕು. ಗಡಿಯಾರವನ್ನೂ ನೀವೇ ಮುಂದಕ್ಕೆ ತಳ್ಳಬೇಕು. ಟೆಸ್ಟ್ ಬರೆದ್ರೆ ವರದಿ ಬರೋ ಹೊತ್ತಿಗೆ ಕೇಸಿನೊಳಗಿನ ಸಮಯ ಓಡಿರುತ್ತೆ, ಅಷ್ಟರಲ್ಲಿ ರೋಗಿ ಕೆಡ್ತಾ ಹೋಗಬಹುದು. ಬೇಡದ ಅಪಾಯದ ಪರೀಕ್ಷೆ ಬರೆದ್ರೆ ಅಂಕ ಹೋಗುತ್ತೆ.

ಬೆಂಗಳೂರಲ್ಲಿ ಓದಿ ಹೋದ ನಾನು ಮೊದಲ ಅಭ್ಯಾಸ ಕೇಸಲ್ಲಿ ಖಾಲಿ ಪೆಟ್ಟಿಗೆ ನೋಡಿ ಗರಬಡಿದವಳ ಹಾಗೆ ಕೂತೆ. ಅಷ್ಟು ವರ್ಷ ನಾಲ್ಕು ಆಯ್ಕೆ ನೋಡಿ ನೋಡಿ, ಆಯ್ಕೆ ಇಲ್ಲದೆ ತಲೆ ಓಡಲಿಲ್ಲ. ಗುರುತಿಸೋದು ಬರ್ತಿತ್ತು, ನೆನಪಿಸಿಕೊಳ್ಳೋದು ಬರ್ತಿರಲಿಲ್ಲ.

ಕ್ಯೂಬ್ಯಾಂಕ್ ಕಲಿ

ಅದಕ್ಕೂ ಒಂದು ಸೂತ್ರ ಇದೆಯಂತಲ್ಲ ಮೇಡಂ. ಯಾವ ಕೇಸ್ ಬಂದ್ರೂ ಮೊದಲು ಆಕ್ಸಿಜನ್, ಐವಿ (ಡ್ರಿಪ್), ಮಾನಿಟರ್, ಸಿಬಿಸಿ (ರಕ್ತಕಣಗಳ ಎಣಿಕೆ) ಟೈಪ್ ಮಾಡಿಬಿಡು ಅಂತ.

ಓಹಾಯೋ ಓಬವ್ವ

ಇದೆ 😅 ನಾನೂ ಮಾಡಿದೆ. ಕೊನೇ ಎರಡು ನಿಮಿಷದಲ್ಲಿ 'ಸಿಗರೇಟ್ ಬಿಡೋಕೆ ಸಲಹೆ' ಅಂತಲೂ ಹಾಕ್ತಿದ್ದೆ. ಮಗುವಿನ ಕೇಸಿಗೂ ಒಂದು ಸಲ ಹಾಕಿಬಿಟ್ಟೆ.

ಅನಾಟಮಿ ಅಜ್ಜಿ

ಮಗು ಬಿಟ್ಟಿತಾ?

ಪಾಠಪ್ರಯೋಗ

ಇದಕ್ಕೂ ಹಳೇ ಅಣ್ಣ ಒಬ್ಬನಿದ್ದಾನೆ. ಕಂಪ್ಯೂಟರಿಗೆ ಮುಂಚೆ ಅಮೆರಿಕದಲ್ಲಿ ಕಾಗದದ ಮೇಲೆ ರೋಗಿ ನಿರ್ವಹಣೆ ಪರೀಕ್ಷೆ ಇತ್ತು, 1960ರ ದಶಕದಿಂದ. ವಿಶೇಷ ಪೆನ್ನಲ್ಲಿ ತಿಕ್ಕಿದ್ರೆ ಅಡಗಿರೋ ಶಾಯಿ ಎದ್ದು ಬಂದು ಟೆಸ್ಟ್ ವರದಿ ಕಾಣ್ತಿತ್ತು. ಅಂಕ ಕೊಡೋ ಲೆಕ್ಕ ಹೇಗಿತ್ತು ಅಂದ್ರೆ, ಹೆಚ್ಚು ವಿಚಾರಿಸಿದವರಿಗೆ ಹೆಚ್ಚು. ಆಗ ಏನಾಯ್ತು? ನಾಲ್ಕೇ ಪ್ರಶ್ನೆಯಲ್ಲಿ ರೋಗ ಹಿಡಿಯೋ ಅನುಭವಿ ವೈದ್ಯರಿಗಿಂತ ಎಲ್ಲಾ ತಿಕ್ಕೋ ವಿದ್ಯಾರ್ಥಿಗಳಿಗೆ ಹೆಚ್ಚು ಅಂಕ ಬರೋ ಪ್ರಸಂಗ ಬಂತು. ಕೊನೆಗೆ ಆ ಪರೀಕ್ಷೆ ಕೈಬಿಟ್ರು. ಆಮೇಲೆ ಕೆನಡಾದಲ್ಲಿ ಬೋರ್ಡಾಜ್ ಮತ್ತು ಪೇಜ್ ಬೇರೆ ದಾರಿ ಹಿಡಿದ್ರು: ಕೇಸಿನಲ್ಲಿ ಎಡವೋ ಜಾಗ ಒಂದೆರಡೇ ಇರುತ್ತೆ, ಅದನ್ನ ಮಾತ್ರ ಕೇಳಿ ಅಂಕ ಕೊಡೋಣ.

ವಾರ್ಡ್‌ರೌಂಡ್ ಅವರ ಕೇಸಲ್ಲಿ ಎಡವೋ ಜಾಗ ಒಂದೇ. ಹೊಟ್ಟೆ ಸಂಕಟದ ರೋಗಿಗೆ ಇಸಿಜಿ ನೆನಪಾಯ್ತಾ? ಉಳಿದದ್ದಕ್ಕೆಲ್ಲ ಅಂಕ ಯಾಕೆ?

ಕರಾವಳಿ ಕಷಾಯ

ಎಂತ ಮಾರಾಯ್ರೆ, ಎಲ್ಲರೂ ಸಾಫ್ಟ್‌ವೇರಿಗೇ ಬೈಯುವುದು. ನಾನು ಕಲಿತದ್ದು ಸಣ್ಣ ಊರಿನ ಕನ್ನಡ ಶಾಲೆಯಲ್ಲಿ. ಮೊದಲ ವರ್ಷ ಕ್ಲಾಸಿನಲ್ಲಿ ಕೈ ಎತ್ತಿದ್ದೇ ಇಲ್ಲ, ಇಂಗ್ಲಿಷ್ ತಪ್ಪಿದರೆ ನಗ್ತಾರೆ ಅಂತ. ಕಂಪ್ಯೂಟರ್ ನಗುವುದಿಲ್ಲ. ರಾತ್ರಿ ಹಾಸ್ಟೆಲಿನಲ್ಲಿ ಒಂದೇ ಕೇಸನ್ನು ಆರು ಸಲ ತಪ್ಪು ಮಾಡಿದ್ದೇನೆ. ಆರು ಸಲವೂ ರೋಗಿ ಸತ್ತ, ಏಳನೇ ಸಲ ಬದುಕಿದ. ವಾರ್ಡಿನಲ್ಲಿ ಹಾಗೆ ಮಾಡ್ಲಿಕ್ಕೆ ಉಂಟಾ?

ಇಂಟರ್ನ್ ಇಪ್ಪತ್ನಾಲ್ಕುಗಂಟೆ

ಈ ಮಾತು ಒಪ್ತೀನಿ. ನನಗೂ ಧೈರ್ಯ ಬಂದದ್ದು ಹಾಗೇ.

ಹುಬ್ಬಳ್ಳಿ ಹೈದ

ಭಾಷಾ ವಿಷಯ ಬಂತಂತ ಹೇಳ್ತೀನಿ. ಪರದೆ ಮ್ಯಾಲಿನ ರೋಗಿ ಅಗದೀ ಶಾಣ್ಯಾ ಇಂಗ್ಲಿಷ್ ಮಾತಾಡ್ತಾನ, 'ನೋವು ಎಡಗೈಗೆ ಹರಡುತ್ತಿದೆ' ಅಂತ. ನಮ್ಮ ವಾರ್ಡಿನ್ಯಾಗ ಮುದುಕಪ್ಪ 'ಎದ್ಯಾಗ ಏನೋ ಕಸಿವಿಸಿ ಆಗಾಕತ್ತೈತ್ರಿ, ಗ್ಯಾಸ್ ತುಂಬೇತಿ, ಒಂದ್ ಗುಳಿಗಿ ಕೊಡ್ರಿ' ಅಂತಾನ. ಹೃದಯಾಘಾತದ ಅರ್ಧ ಮಂದಿ ನಮ್ಮ ಕಡೆ ಗ್ಯಾಸ್ ಅಂತನ ಬರ್ತಾರ ಅನಸತೈತಿ ನಂಗ. 'ಗ್ಯಾಸ್' ಅನ್ನೂದನ್ನ ಬಿಡಿಸೂದ ದೊಡ್ಡ ಸಮಸ್ಯಾ, ಅದನ್ನ ಯಾವ ಕಂಪ್ಯೂಟರೂ ಕಲಿಸೂದಿಲ್ಲ.

ಮಲೆನಾಡ ಕ್ಲಿನಿಕ್

'ಸುಸ್ತು' ಬಿಟ್ರಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಖಿನ್ನತೆ, ಕ್ಷಯ, ಸೊಸೆ ಜೊತೆ ಜಗಳ. ಎಲ್ಲಾ ಸುಸ್ತೇ.

ಮಂಡ್ಯ ಮೊದ್ದು

ಅದಕ್ಕೇ ಹೇಳೋದು, ಎಂಬಿಬಿಎಸ್ ಪೂರ್ತಿ ಕನ್ನಡದಲ್ಲಿ ಮಾಡಿ. ಮಧ್ಯಪ್ರದೇಶದಲ್ಲಿ 2022ರಲ್ಲೇ ಹಿಂದಿ ಪುಸ್ತಕ ತಂದ್ರು.

ಓಹಾಯೋ ಓಬವ್ವ

ಪುಸ್ತಕ ಕನ್ನಡದಲ್ಲಿದ್ರೆ ಮುಂದೆ ಹೊರಗಡೆ ಪರೀಕ್ಷೆ ಯಾವ ಭಾಷೆಯಲ್ಲಿ ಬರೀತೀರಿ?

ಮಂಡ್ಯ ಮೊದ್ದು

ಎಲ್ರೂ ಓಹಾಯೋಗೆ ಹೋಗೋಕೆ ಓದ್ತಾರಾ ಮೇಡಂ? ನಾಗಮಂಗಲದಲ್ಲಿ ಇರೋರ್ ಯಾರು?

ಓಹಾಯೋ ಓಬವ್ವ

ಸರಿ, ಚುಚ್ಚಿದ್ದು ತಾಗಿತು.

ಮೇಟಿ (ನಿರ್ವಾಹಕ)

ಮಾಧ್ಯಮದ ಜಗಳಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ಕಂಪ್ಯೂಟರ್ ರೋಗಿ ಮಾತ್ರ.

ಕೋಡ್‌ಕುಟ್ಟಿ

ಪಠ್ಯ ಇಂಗ್ಲಿಷಲ್ಲೇ ಇರಲಿ, ರೋಗಿ ಮಾತ್ರ ಕನ್ನಡ ಮಾತಾಡಲಿ. ಇದು ಈಗ ಕಷ್ಟವೇ ಅಲ್ಲ. ಹೈದ ಅವರ ಮುದುಕಪ್ಪನ್ನ ಹಾಗೇ ರೆಕಾರ್ಡ್ ಮಾಡಿ ಹಾಕಬಹುದು.

ಕ್ಯೂಬ್ಯಾಂಕ್ ಕಲಿ

ನಾವು ಚಾಟ್‌ಜಿಪಿಟಿಗೆ 'ನೀನು ರೋಗಿ, ನಾನು ಡಾಕ್ಟರ್' ಅಂತ ಹೇಳಿ ಅಭ್ಯಾಸ ಮಾಡ್ತೀವಿ. ಕನ್ನಡದಲ್ಲೂ ಮಾತಾಡುತ್ತೆ, ಸ್ವಲ್ಪ ಟಿವಿ ವಾರ್ತೆ ಕನ್ನಡ.

ಇಂಟರ್ನ್ ಇಪ್ಪತ್ನಾಲ್ಕುಗಂಟೆ

ಅದು ಬಹಳ ವಿಧೇಯ ರೋಗಿ. ಒಂದಿನ ನಾನು 'ನೋವು ಎಡಗೈಗೆ ಬರುತ್ತಾ' ಅಂದೆ, ಹೌದು ಡಾಕ್ಟರ್ ಅಂತು. 'ಬೆನ್ನಿಗೂ?' ಹೌದು. 'ಬಲಗಾಲಿಗೆ?' ಅದಕ್ಕೂ ಸ್ವಲ್ಪ ಅಂತು. ನನ್ನ ಊಹೆಗೆ ತಲೆ ಆಡಿಸೋ ರೋಗಿ ಇಟ್ಕೊಂಡು ನಾನು ಏನು ಕಲೀಲಿ? ನಮ್ಮ ಕ್ಯಾಶುವಲ್ಟಿಯಲ್ಲಿ ರೋಗಿ ಮೊದಲ ಪ್ರಶ್ನೆಗೇ 'ನಿಮಗ್ಯಾಕೆ, ದೊಡ್ಡ ಡಾಕ್ಟ್ರನ್ನ ಕರೀರಿ' ಅಂತಾರೆ.

ಪಾಠಪ್ರಯೋಗ

ಕೇಸಿನ ವಿವರ ಪೂರ್ತಿ ಮೊದಲೇ ಬರೆದುಕೊಟ್ಟು, 'ಇದರಲ್ಲಿ ಇಲ್ಲದ್ದಕ್ಕೆ ಇಲ್ಲ ಅನ್ನು, ಕೇಳದ್ದನ್ನ ಹೇಳಬೇಡ' ಅಂತ ಕಟ್ಟುಹಾಕಿ. ಸುಧಾರಿಸುತ್ತೆ, ಪೂರ್ತಿ ಅಲ್ಲ.

ಈಗ ಮೂಲ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ 'ವರದಿ ಹಿಡ್ಕೊಂಡು ಉತ್ತರ ಒತ್ತಿದ್ದಾರೆ' ಅಂತ ವಾರ್ಡ್‌ರೌಂಡ್ ಬರೆದದ್ದು ನನ್ನ ತಲೆಯಲ್ಲೇ ಕೂತಿದೆ. 1986ರಲ್ಲಿ ಮಾಂಟ್ರಿಯಲಿನ ಮೆಕ್‌ಗಿಲ್‌ನಲ್ಲಿ ವಿಮಲಾ ಪಟೇಲ್ ಮತ್ತು ಗೈ ಗ್ರೋಯೆನ್ ಹೃದ್ರೋಗ ತಜ್ಞರಿಗೆ ಹೃದಯದ ಒಳಪದರದ ಸೋಂಕಿನ ಒಂದು ಕೇಸ್ ಓದಿಸಿ ವಿವರಣೆ ಬರೆಸಿದ್ರು. ಸರಿಯಾಗಿ ಹಿಡಿದವರು ಲಕ್ಷಣದಿಂದ ಕಾಯಿಲೆ ಕಡೆಗೆ ಮುಂದಕ್ಕೆ ನಡೆದಿದ್ರು. ತಪ್ಪಿದವರು ಒಂದು ಕಾಯಿಲೆ ಹಿಡ್ಕೊಂಡು ಅದಕ್ಕೆ ಲಕ್ಷಣ ಹೊಂದಿಸೋಕೆ ಹಿಂದಕ್ಕೂ ಮುಂದಕ್ಕೂ ಓಡಾಡಿದ್ರು. ಇದನ್ನ ಓದಿ ಎಷ್ಟೋ ಜನ 'ಹಾಗಾದ್ರೆ ವಿದ್ಯಾರ್ಥಿಗಳಿಗೂ ಮುಂದಕ್ಕೆ ನಡೆಯೋದನ್ನೇ ಕಲಿಸೋಣ' ಅಂದ್ರು. ಗೊತ್ತಿಲ್ಲದ ಊರಲ್ಲಿ ಮುಂದಕ್ಕೆ ನಡಿ ಅಂದ್ರೆ ಎಲ್ಲಿಗೆ ನಡೀತಾರೆ? ಆ ಕಾಯಿಲೆ ಹತ್ತು ಸಲ ನೋಡಿದವನಿಗೆ ದಾರಿ ಕಾಣುತ್ತೆ. ಮೂರನೇ ವರ್ಷದವನು ಊಹೆ ಹಿಡಿದು ಹಿಂದಕ್ಕೆ ಬರಲೇಬೇಕು. ಊಹೆಯನ್ನ ವರದಿ ನೋಡೋಕೆ ಮುಂಚೆ ಹಿಡಿದನಾ, ಆಮೇಲಾ ಅನ್ನೋದನ್ನ ಲಾಗಲ್ಲಿ ಹುಡುಕಿ.

ವಾರ್ಡ್‌ರೌಂಡ್

ಇದನ್ನ ಹೇಗೆ ಹುಡುಕೋದು? ಲಾಗಲ್ಲಿ ಒತ್ತಿದ್ದು ಕಾಣುತ್ತೆ, ತಲೆಯೊಳಗಿದ್ದದ್ದು ಕಾಣಲ್ಲ.

ಕೋಡ್‌ಕುಟ್ಟಿ

ಟೆಸ್ಟ್ ಪುಟಕ್ಕೆ ಬೀಗ ಹಾಕಿ. ಮೂರು ಸಾಧ್ಯತೆ ಟೈಪ್ ಮಾಡದೆ ತೆರೆಯಬಾರದು. ಪಟ್ಟಿ ಬೇಡ, ಖಾಲಿ ಪೆಟ್ಟಿಗೆ. ಪ್ರತಿ ಟೆಸ್ಟಿನ ಮುಂದೆ 'ಯಾವ ಊಹೆಗೆ' ಅಂತ ಒಂದು ಚಿಕ್ಕ ಜಾಗ. ಅರ್ಧ ದಿನದ ಕೋಡ್.

ಕ್ಯೂಬ್ಯಾಂಕ್ ಕಲಿ

ಮೂರು ಪೆಟ್ಟಿಗೆಗೂ ಕಾಯಂ ಉತ್ತರ ಈಗಲೇ ತಯಾರು: ಸೋಂಕು, ಕ್ಯಾನ್ಸರ್, ಆಟೋಇಮ್ಯೂನ್. ಯಾವ ಕೇಸಿಗೂ ಹೊಂದುತ್ತೆ 😎

ಅನಾಟಮಿ ಅಜ್ಜಿ

ಈ ಹುಡುಗ ಮುಂದೆ ಪರೀಕ್ಷೆ ಮಂಡಳಿಗೆ ಹೋಗಬೇಕು. ಕಳ್ಳನ ಕೈಗೇ ಬೀಗ ಕೊಡಿ.

ಹುಬ್ಬಳ್ಳಿ ಹೈದ

ಇನ್ನೊಂದ್ರೀ. ಮೌಸ್ ಬಾಯಿ ಜೋರಿದ್ದಾವನ ಕೈಯಾಗ ಕೊಡಬ್ಯಾಡ್ರಿ. ಸುಮ್ಮ ಕುಂದರಾವ್ರಿಗೆ ಕೊಡ್ರಿ. ಜೋರಿದ್ದಾವ ಬಾಯಿಲೆ ಹೇಳಬೇಕಾಗತೈತಿ, ಹೇಳಿದಾಗ ಯಾಕ ಅಂತ ಇವ್ರು ಕೇಳತಾರ. ನಮ್ಮ ಬ್ಯಾಚಿನ್ಯಾಗ ಒಬ್ಬ ಸರ್ ಹಿಂಗ ಮಾಡಿದ್ರು, ಅವತ್ತೊಂದ ದಿನ ಲ್ಯಾಬಿನ್ಯಾಗ ಜಗಳಾ ಆತು. ಛಲೋ ಜಗಳಾ.

ವಾರ್ಡ್‌ರೌಂಡ್

ಮೂರು ವಾರ ಆಯ್ತು, ಬಂದೆ. ಸಾಫ್ಟ್‌ವೇರ್ ಕಂಪನಿಯವರು ಬೀಗ ಹಾಕೋಕೆ ಮುಂದಿನ ವರ್ಷ ಅಂದ್ರು. ಹಾಗಾಗಿ ಕಾಗದದ ಬೀಗ ಹಾಕಿದೆ: ಟೆಸ್ಟ್ ಪುಟ ತೆರೆಯೋ ಮುಂಚೆ ಗುಂಪು ಒಂದು ಚೀಟಿಯಲ್ಲಿ ಮೂರು ಊಹೆ ಬರೆದು, 'ಯಾವುದು ತಪ್ಪಿದ್ರೆ ರೋಗಿ ಸಾಯ್ತಾನೆ' ಅನ್ನೋದಕ್ಕೆ ಗೆರೆ ಎಳೆದು ನನ್ನ ಕೈಗೆ ಕೊಡಬೇಕು. ಅದೇ ಹೊಟ್ಟೆ ಸಂಕಟದ ಕೇಸ್, ಬೇರೆ ಬ್ಯಾಚ್. ರೋಗಿಯ ಮಾತನ್ನ ಹೈದ ಅವರ ಹಾಗೆ ಬದಲಾಯಿಸಿ ನಾನೇ ಓದಿದೆ, 'ಗ್ಯಾಸ್ ತುಂಬಿದೆ ಸಾರ್' ಅಂತ.

ಒಂದು ಚೀಟಿಯಲ್ಲಿ 'ಗ್ಯಾಸ್, ಗ್ಯಾಸ್, ಗ್ಯಾಸ್' ಅಂತ ಇತ್ತು. ಒಂದರಲ್ಲಿ 'ಸೋಂಕು, ಕ್ಯಾನ್ಸರ್, ಆಟೋಇಮ್ಯೂನ್'. ಕಲಿ, ನೀವು ನಮ್ಮ ಕಾಲೇಜಾ? ಉಳಿದ ಗುಂಪುಗಳಲ್ಲಿ ಒಂದು ಬಿಟ್ಟು ಎಲ್ಲರೂ ಹೃದಯಾಘಾತ ಬರೆದಿದ್ರು, ಆದ್ರೆ ಎರಡು ಗುಂಪು ಅದಕ್ಕೆ ಗೆರೆ ಎಳೆದಿರಲಿಲ್ಲ. ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಕೆಳಗೆ ಎಳೆದಿದ್ರು. ಅದೂ ತಪ್ಪಲ್ಲ ಅಂತ ಅರ್ಧ ಗಂಟೆ ನನ್ನ ಜೊತೆನೇ ವಾದ ಮಾಡಿದ್ರು. ಎರಡು ಗಂಟೆಯ ಕ್ಲಾಸಲ್ಲಿ ಒಂದೇ ಕೇಸ್ ಮುಗಿದಿದ್ದು. ಪಾಠಪಟ್ಟಿ ಪ್ರಕಾರ ನಾಲ್ಕು ಆಗಬೇಕಿತ್ತು, ಎಚ್‌ಓಡಿ ಮುಖ ಗಂಟುಹಾಕಿದ್ದಾರೆ.

ಕ್ಯೂಬ್ಯಾಂಕ್ ಕಲಿ

ನಮ್ಮ ಕಾಲೇಜು ಯಾವುದು ಅಂತ ಕೇಳಬೇಡಿ ಸಾರ್. ಇಂಟರ್ನಲ್ ಮಾರ್ಕ್ಸ್ ಬೇಕು.

ಹುಬ್ಬಳ್ಳಿ ಹೈದ

ಅದೆಲ್ಲಾ ಇರ್ಲಿ ಸರ್, ಮೌಸ್ ಯಾರ ಕೈಯಾಗಿತ್ತು?

ವಾರ್ಡ್‌ರೌಂಡ್

ಮೂರು ಮೌಸ್ ಕೆಟ್ಟಿದ್ವು. ಇಂಡೆಂಟ್ ಹಾಕಿದ್ದೀನಿ.